ಮೌಸ್ ಕಿತ್ತಿಟ್ಟು ಶುರು ಮಾಡಿದ ಪಾಠ

ಮೊದಲ ವರ್ಷ ವೆಬ್ ಪ್ರೋಗ್ರಾಮಿಂಗ್ ಕೋರ್ಸಿನ ಕೊನೆಯ ವಾರ 'ಎಲ್ಲರಿಗೂ ಒಗ್ಗುವ ವಿನ್ಯಾಸ' ಅಂತ, ಅಂಗವಿಕಲರೂ ಸೇರಿ ಯಾರು ಬೇಕಾದರೂ ಬಳಸಬಲ್ಲ ವೆಬ್ ಪುಟ ಮಾಡುವ ಬಗ್ಗೆ, ಒಂದು ಗಂಟೆ ಪಾಠ ಮಾಡಿದೆ. ಸ್ಲೈಡುಗಳ ತುಂಬ ಡಬ್ಲ್ಯುಸಿಎಜಿ, ಅಂದರೆ ಇದಕ್ಕೆಂದೇ ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿಯ ನಿಯಮಗಳು. 'ಇದು ಪರೀಕ್ಷೆಗೆ ಬರುತ್ತಾ ಸರ್?' ಅಂದ ಒಬ್ಬ. ಇಲ್ಲ ಅಂದೆ. ಪೆನ್ನುಗಳು ಜೇಬು ಸೇರಿದವು.

ಮರುವರ್ಷ ಹುಮ್ಮಸ್ಸು ಜಾಸ್ತಿಯಾಗಿ ಇನ್ನೊಂದು ಎಡವಟ್ಟು ಮಾಡಿದೆ. ಎಲ್ಲರ ಕಣ್ಣಿಗೂ ಬಟ್ಟೆ ಕಟ್ಟಿಸಿ, ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸಿ ನೋಡಿ ಅಂದೆ. ಹತ್ತು ನಿಮಿಷಕ್ಕೆ ಸುಸ್ತಾದರು. ಬಟ್ಟೆ ಬಿಚ್ಚಿದಾಗ ಎಲ್ಲರದ್ದೂ ಒಂದೇ ಮಾತು: 'ಪಾಪ, ಎಷ್ಟು ಕಷ್ಟ ಅಲ್ವಾ!' ವರ್ಷಗಟ್ಟಲೆ ಸ್ಕ್ರೀನ್ ರೀಡರ್ ಬಳಸಿದವರು ನಮಗೆ ಒಂದಕ್ಷರವೂ ತಿಳಿಯದ ವೇಗದಲ್ಲಿ ಅದನ್ನು ಕೇಳಿಸಿಕೊಂಡು ಕೆಲಸ ಮುಗಿಸುತ್ತಾರೆ. ನಮ್ಮ ಹುಡುಗರು ಪಾಪ ಅಂದರೇ ಹೊರತು ತಾವು ಬರೆದ ಕೋಡನ್ನು ಯಾರೂ ತಿರುಗಿ ನೋಡಲಿಲ್ಲ. ಆ ಆಟ ಅಲ್ಲಿಗೇ ಬಿಟ್ಟೆ.

ಈಗ ಪ್ರತ್ಯೇಕ ಪಾಠವೇ ಇಲ್ಲ. ಎರಡನೇ ವಾರದ ಲ್ಯಾಬಿನಲ್ಲಿ ಮೌಸುಗಳನ್ನೆಲ್ಲ ಕಿತ್ತಿಟ್ಟಿರುತ್ತೇನೆ. ತಾವೇ ಬರೆದ ನೋಂದಣಿ ಫಾರ್ಮನ್ನು ಬರೀ ಕೀಬೋರ್ಡಿನಲ್ಲಿ ತುಂಬಿ ಕಳಿಸಬೇಕು. ಒಬ್ಬ ಹುಡುಗಿ ಟ್ಯಾಬ್ ಒತ್ತುತ್ತಾ ಹೋದಳು. ಹೆಸರು, ಇಮೇಲ್, ಪಾಸ್‌ವರ್ಡ್, ಆಮೇಲೆ ನೇರ ಬ್ರೌಸರಿನ ವಿಳಾಸಪಟ್ಟಿ! 'ಸಲ್ಲಿಸಿ' ಗುಂಡಿ ಸಿಗಲೇ ಇಲ್ಲ. 'ಏನಮ್ಮ, ಗುಂಡಿ ಎಲ್ಲಿ?' ಅಂದರೆ ಪರದೆಯ ಮೇಲೆ ಬೆರಳಿಟ್ಟು ತೋರಿಸಿದಳು. ಕೋಡ್ ತೆಗೆದರೆ ಅದೊಂದು ಡಿವ್, ಅಂದರೆ ಗುಂಡಿಯೇ ಅಲ್ಲದ ಬರೀ ಖಾಲಿ ಡಬ್ಬಿ. ಬಣ್ಣ ಬಳಿದು, ಮೂಲೆ ದುಂಡಗೆ ಮಾಡಿ, ಕ್ಲಿಕ್ಕಿಗೊಂದು ಫಂಕ್ಷನ್ ಅಂಟಿಸಿದ್ದಳು. ಅದನ್ನು ಸರಿಪಡಿಸಲು ಮೊದಲು ಟ್ಯಾಬ್‌ಇಂಡೆಕ್ಸ್ (ಟ್ಯಾಬ್ ಅಲ್ಲಿ ನಿಲ್ಲಲಿ ಅಂತ) ಹಾಕಿದಳು, ಆಮೇಲೆ ಇದು ಗುಂಡಿ ಅಂತ ಸ್ಕ್ರೀನ್ ರೀಡರಿಗೆ ತಿಳಿಸುವ ರೋಲ್, ಆಮೇಲೆ ಎಂಟರಿಗೊಂದು, ಸ್ಪೇಸಿಗೊಂದು ಫಂಕ್ಷನ್. ನಾನು ಸುಮ್ನೆ ನಿಂತಿದ್ದೆ. ಕೊನೆಗೆ ಅದೆಲ್ಲ ಅಳಿಸಿ ಬಟನ್ ಟ್ಯಾಗ್ ಹಾಕಿದಳು. ಟ್ಯಾಬ್ ಗುಂಡಿಯ ಮೇಲೆ ನಿಂತಿತು, ಎಂಟರೂ ಸ್ಪೇಸೂ ಕೆಲಸ ಮಾಡಿದವು, ಎನ್‌ವಿಡಿಎ ಅನ್ನೋ ಸ್ಕ್ರೀನ್ ರೀಡರ್ 'ಬಟನ್' ಅಂತ ಹೇಳಿತು. 'ಇಷ್ಟೇನಾ ಸರ್?' ಅಂದಳು.

ಪಕ್ಕದವನ ಗುಂಡಿ ಸರಿಯಾಗೇ ಇತ್ತು. ಆದರೆ ಚೆನ್ನಾಗಿ ಕಾಣಲ್ಲ ಅಂತ, ಟ್ಯಾಬ್ ಈಗ ಎಲ್ಲಿದೆ ಅಂತ ತೋರಿಸುವ ಫೋಕಸ್ಸಿನ ಗೆರೆಯನ್ನು, ಪುಟದ ಅಂದ ನೋಡಿಕೊಳ್ಳುವ ಸಿಎಸ್‌ಎಸ್‌ನಲ್ಲಿ ತೆಗೆದುಹಾಕಿದ್ದ. ತಾನು ಎಲ್ಲಿದ್ದೇನೆ ಅಂತ ಅವನಿಗೇ ಗೊತ್ತಾಗಲಿಲ್ಲ.

ಪ್ರತಿ ಲ್ಯಾಬಿನ 20 ಅಂಕಗಳಲ್ಲಿ 4 ಹೀಗೆ ಎಲ್ಲರಿಗೂ ಒಗ್ಗುವಂತೆ ಮಾಡಿದ್ದಕ್ಕೆ. ಅಂಕ ಇಲ್ಲದೆ ಏನೂ ನಡೆಯಲ್ಲ, ಆ ಮುಜುಗರ ನನಗಿಲ್ಲ. ಶುರುವಿನಲ್ಲಿ ಈ 4 ಅಂಕ ಕೊಡುವ ಕೆಲಸವನ್ನು ಇಂಥ ತಪ್ಪುಗಳನ್ನು ತಾನೇ ಹುಡುಕುವ ಟೂಲಿಗೇ ಬಿಟ್ಟಿದ್ದೆ. ಒಬ್ಬ ಭೂಪ ಎಲ್ಲ ಚಿತ್ರಗಳ ಆಲ್ಟ್‌ನಲ್ಲೂ, ಅಂದರೆ ಚಿತ್ರ ಕಾಣದವರಿಗಾಗಿ ಬರೆಯುವ ವಿವರಣೆಯಲ್ಲೂ, 'ಚಿತ್ರ' ಅಂತ ಬರೆದು ಪೂರ್ತಿ ಅಂಕ ಹೊಡೆದ. ಆಲ್ಟ್ ಇದೆಯಾ ಅಂತ ಟೂಲು ಹೇಳುತ್ತದೆ. ಅಕ್ಷರಕ್ಕೂ ಹಿನ್ನೆಲೆಗೂ 4.5:1 ಕಾಂಟ್ರಾಸ್ಟ್, ಅಂದರೆ ಓದಲು ಸಾಕಾಗುವಷ್ಟು ಹೊಳಪಿನ ವ್ಯತ್ಯಾಸ, ಇದೆಯಾ ಅಂತಲೂ ಎಷ್ಟೋ ಕಡೆ ಲೆಕ್ಕ ಹಾಕುತ್ತದೆ. ಬರೆದದ್ದಕ್ಕೆ ಅರ್ಥ ಇದೆಯಾ ಅಂತ ನಾವೇ ಓದಬೇಕು.

ಸಾಫ್ಟ್‌ವೇರ್ ಎಂಜಿನಿಯರಿಂಗ್ ಕೋರ್ಸಿನಲ್ಲಿ ಆರೆಗಾನ್ ಸ್ಟೇಟ್ ಯೂನಿವರ್ಸಿಟಿಯ ಮಾರ್ಗರೆಟ್ ಬರ್ನೆಟ್ ತಂಡದ, ಸಾಫ್ಟ್‌ವೇರ್ ಗಂಡು ಹೆಣ್ಣು ಭೇದವಿಲ್ಲದೆ ಎಲ್ಲರಿಗೂ ಒಗ್ಗುತ್ತಾ ಅಂತ ಪರೀಕ್ಷಿಸುವ ಜೆಂಡರ್‌ಮ್ಯಾಗ್ ವಿಧಾನ ಬಳಸುತ್ತೇನೆ. ಅದರಲ್ಲಿ ಆಬಿ ಅಂತ ಒಂದು ಪಾತ್ರ. ಹೊಸ ತಂತ್ರಜ್ಞಾನ ಅಂದರೆ ಆಬಿಗೆ ಅಳುಕು, ಎಲ್ಲ ಓದಿಕೊಂಡೇ ಮುಂದಿನ ಹೆಜ್ಜೆ. ಪ್ರತಿ ಹಂತದಲ್ಲೂ 'ಇಲ್ಲಿ ಏನು ಮಾಡಬೇಕು ಅಂತ ಆಬಿಗೆ ತಿಳಿಯುತ್ತಾ?' ಅಂತ ಕೇಳಿಕೊಳ್ಳಬೇಕು. ಹುಡುಗರು ಮೊದಲು 'ಆಬಿ ಸ್ವಲ್ಪ ದಡ್ಡಿ' ಅಂತ ನಗುತ್ತಾರೆ. ಆಗ ಅವರ ತಂಡದ ಆ್ಯಪನ್ನು ಬೇರೆ ತಂಡಕ್ಕೆ ಕೊಡುತ್ತೇನೆ. ಅವರೂ ಅದೇ ಜಾಗದಲ್ಲಿ ಸಿಕ್ಕಿಹಾಕಿಕೊಂಡರೆ ನಗು ನಿಲ್ಲುತ್ತದೆ.

ಡೇಟಾಬೇಸ್ ಕಲಿಸುವ ಸಹೋದ್ಯೋಗಿಗೂ ಹೇಳಿದೆ: ನಿಮ್ಮ ವಿದ್ಯಾರ್ಥಿ ಟೇಬಲ್ಲಿನಲ್ಲಿ ಕೊನೆಹೆಸರಿನ ಕಾಲಮ್ಮು ಖಾಲಿ ಬಿಡುವ ಹಾಗಿಲ್ಲವಲ್ಲ, ಒಂದೇ ಹೆಸರಿರುವವರು ಏನು ಮಾಡಬೇಕು? ಯೋಚಿಸಿ, 'ಮುಂದಿನ ಸೆಮಿಸ್ಟರಿಗೆ ಬದಲಾಯಿಸೋಣ ಬಿಡಿ' ಅಂದರು. ಹಾಗಂದು ಮೂರು ಸೆಮಿಸ್ಟರ್ ಆಯಿತು.