ಮುರಿಯಲಿದ್ದ ಮನೆ ವ್ಯವಹಾರ ಉಳಿದದ್ದು

ತಪಾಸಣಾ ವರದಿ ಕೈಸೇರಿದ ಸಂಜೆಯೇ ಕೊಳ್ಳುವವರು ಫೋನ್ ಮಾಡಿ, "ಮುಂಗಡ ವಾಪಸ್ ಕೊಡಿಸಿಬಿಡಿ, ಈ ಮನೆ ಬೇಡ" ಎಂದರು. ಮಾರುವವರಿಗೋ, ತಾವೇ ಎದುರು ನಿಂತು ಕಟ್ಟಿಸಿದ ಮನೆಯ ಮೇಲೆ ಯಾರೋ ಪುಟಗಟ್ಟಲೆ ದೂರು ಬರೆದಿದ್ದಾರೆಂಬ ಕೋಪ. ಮಧ್ಯವರ್ತಿಯಾಗಿ ನಾನು ಮೊದಲು ಮಾಡಿಸಿದ ಕೆಲಸ, ಕರಾರಿನಲ್ಲಿದ್ದ ತಪಾಸಣೆಯ ಗಡುವನ್ನು ಇಬ್ಬರ ಸಹಿಯೊಂದಿಗೆ ಮುಂದೂಡಿದ್ದು. ಆ ಗಡುವು ದಾಟಿದ್ದರೆ ಕೊಳ್ಳುವವರಿಗೆ ಹಿಂದೆ ಸರಿಯುವ ದಾರಿಯೂ ಇರುತ್ತಿರಲಿಲ್ಲ, ಚೌಕಾಸಿಗೆ ಬಲವೂ ಇರುತ್ತಿರಲಿಲ್ಲ.

ಸಡಿಲವಾದ ಚಿಲಕಕ್ಕೂ ಸೋರುವ ಛಾವಣಿಗೂ ಇಂಥ ವರದಿಯಲ್ಲಿ ಒಂದೊಂದೇ ಸಾಲು. ಓದಿದವರು ಹೆದರದೆ ಇನ್ನೇನು? ಮಾಸಿದ ಬಣ್ಣ, ಪ್ಲಾಸ್ಟರಿನ ಕೂದಲೆಳೆ ಬಿರುಕು, ಹಳೆಯ ನಲ್ಲಿಗಳು ಮನೆ ನೋಡಿದ ದಿನವೇ ಕಣ್ಣಿಗೆ ಬಿದ್ದಿದ್ದವು, ಬೆಲೆ ಮಾತಾಡುವಾಗಲೇ ಲೆಕ್ಕಕ್ಕೆ ಬಂದಿದ್ದವು. ಅವನ್ನೆಲ್ಲ ಪಟ್ಟಿಯಿಂದ ಹೊಡೆದುಹಾಕಿಸಿದೆ. ಉಳಿದದ್ದು ಅರ್ಥಿಂಗ್ ಇಲ್ಲದ ವೈರಿಂಗ್, ಛಾವಣಿಯ ಸೋರಿಕೆ, ಸ್ನಾನದ ಮನೆಯ ಹಿಂಗೋಡೆಯ ತೇವ.

ಈ ಪಟ್ಟಿಯನ್ನು ಮಾರುವವರಿಗೆ ಕಳುಹಿಸಲಿಲ್ಲ. ಅವರೊಂದಿಗೆ ಮನೆಗೇ ಹೋಗಿ ಆ ಗೋಡೆಗೆ ಒರಗಿದ್ದ ಕಪಾಟನ್ನು ಸರಿಸಿದೆ. ಬಣ್ಣ ಗುಳ್ಳೆಯೆದ್ದು, ಅದರ ಕೆಳಗೆ ಬಿಳಿ ಉಪ್ಪು ಕಟ್ಟಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಪ್ಲಾಸ್ಟರ್ ಪುಡಿಯಾಗಿ ಉದುರಿತು. "ಪೈಪು ಗೋಡೆಯೊಳಗೇ ಸೋರುತ್ತಿರಬೇಕು" ಎಂದು ಅವರೇ ಹೇಳಿದರು. ಅಲ್ಲಿಗೆ ತಪಾಸಕನ ಮೇಲಿನ ಕೋಪ ಇಳಿಯಿತು.

ದುರಸ್ತಿಗೆ ಗುತ್ತಿಗೆದಾರರಿಂದ ಲಿಖಿತ ಅಂದಾಜು ತರಿಸಿದೆವು. ಅವರಲ್ಲಿ ಒಬ್ಬರನ್ನು ಮಾರುವವರೇ ಆರಿಸಿದರು. "ನಾನೇ ರಿಪೇರಿ ಮಾಡಿಸಿ ಕೊಡುತ್ತೇನಲ್ಲ" ಎಂದಾಗ ಮಾತ್ರ ನಾನು ಬೇಡವೆಂದೆ. ಮನೆ ಬಿಟ್ಟು ಹೊರಟವರು ಮಾಡಿಸುವ ರಿಪೇರಿ ಹೆಚ್ಚಾಗಿ ಬಣ್ಣ ಬಳಿಯುವುದರಲ್ಲೇ ಮುಗಿಯುತ್ತದೆ. ವೈರಿಂಗ್ ಮತ್ತು ಛಾವಣಿಯ ಖರ್ಚು ಬೆಲೆಯಲ್ಲಿ ಕಡಿತವಾಯಿತು. ತೇವದ ಕಥೆ ಗೋಡೆ ಒಡೆಯದೆ ಪೂರ್ತಿ ತಿಳಿಯುವಂಥದ್ದಲ್ಲ. ಅದಕ್ಕಾಗಿ ಮಾರಾಟದ ಹಣದಲ್ಲಿ ಒಂದಿಷ್ಟನ್ನು ವಕೀಲರ ಬಳಿ ಇಡುವುದು, ಕೆಲಸ ಮುಗಿದ ಮೇಲೆ ಉಳಿದದ್ದು ಮಾರುವವರಿಗೆ ಎಂದು ಬರೆಸಿದೆವು.

ಕಡಿತ ಸಿಕ್ಕಿದ್ದೇ ತಡ, ಕೊಳ್ಳುವವರಿಗೆ ಇನ್ನಷ್ಟು ಇಳಿಸುವ ಆಸೆ ಹುಟ್ಟಿತು. ಅಂದಾಜು ಪತ್ರದಲ್ಲಿ ಇಲ್ಲದ ಒಂದು ರೂಪಾಯಿಯನ್ನೂ ನಾನು ಕೇಳುವುದಿಲ್ಲ ಎಂದುಬಿಟ್ಟೆ. ಮಾರುವವರು ಒಪ್ಪಿದ್ದೇ ಆ ಕಾಗದ ನೋಡಿ. ಬೆಲೆ ಬದಲಾದ್ದರಿಂದ ತಿದ್ದಿದ ಕರಾರನ್ನು ಸಾಲ ಕೊಡುವ ಬ್ಯಾಂಕಿಗೂ ಕಳುಹಿಸಿದೆವು. ಅವರು ಸಾಲದ ಮೊತ್ತವನ್ನು ಮತ್ತೆ ಲೆಕ್ಕ ಹಾಕಿ ಕೊಟ್ಟ ಮೇಲಷ್ಟೇ ನೋಂದಣಿಗೆ ದಿನ ಗೊತ್ತುಮಾಡಿದೆವು.