ಹೊರಗೆ ಕಳಿಸಿದ್ದು ಶಿಕ್ಷೆಯಾಗಿರಲಿಲ್ಲ

ನಾಲ್ಕನೇ ತರಗತಿಗೆ ಗಣಿತ ಹೇಳಿಕೊಡುತ್ತಿದ್ದ ವರ್ಷ ಒಬ್ಬ ಹುಡುಗನನ್ನು ವಾರಕ್ಕೆ ಮೂರ್ನಾಲ್ಕು ಸಲವಾದರೂ ಕೋಣೆಯ ಹೊರಗೆ ನಿಲ್ಲಿಸುತ್ತಿದ್ದೆ. ಪಕ್ಕದವರ ಪೆನ್ಸಿಲ್ ಕಿತ್ತುಕೊಳ್ಳುವುದು, ಬೆಂಚು ಬಡಿಯುವುದು, ಬಾಯಲ್ಲಿ ಏನೇನೋ ಸದ್ದು. ಅವನು ಬಾಗಿಲು ದಾಟಿದ ಕೂಡಲೇ ತರಗತಿ ತಣ್ಣಗಾಗುತ್ತಿತ್ತು. ಶಿಕ್ಷೆ ನಾಟುತ್ತಿದೆ ಅಂದುಕೊಂಡಿದ್ದೆ. ಆದರೆ ತಿಂಗಳು ಕಳೆಯುವಷ್ಟರಲ್ಲಿ ಗಲಾಟೆ ಇನ್ನೂ ಹೆಚ್ಚಾಗಿತ್ತು.

ಆಗ ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆದೆ: ಮೊದಲು ಏನಾಗಿತ್ತು, ಅವನು ಏನು ಮಾಡಿದ, ಆಮೇಲೆ ಏನಾಯಿತು. ಎರಡು ವಾರ ಬರೆದೆ. ಮಧ್ಯದ ಕಾಲಂನಲ್ಲಿ ದಿನಕ್ಕೊಂದು ತುಂಟತನ. ಮೊದಲನೆಯದರಲ್ಲಿ ಮಾತ್ರ ಹೆಚ್ಚುಕಡಿಮೆ ಒಂದೇ ಮಾತು: ಭಾಗಾಕಾರ. ನಾನು ಬೋರ್ಡಿನ ಮೇಲೆ ಭಾಗಾಕಾರದ ಗೆರೆ ಎಳೆದು, ಭಾಜ್ಯದ ಎರಡನೇ ಅಂಕಿ ಬರೆಯುವ ಮೊದಲೇ ಹಿಂದಿನಿಂದ ಸ್ಕೇಲು ಟಕಟಕ ಅನ್ನುತ್ತಿತ್ತು. ಮೂರನೇ ಕಾಲಂನಲ್ಲಿ ನನ್ನದೇ ಕೈಬರಹ: ‘ಹೊರಗೆ ಕಳಿಸಿದೆ’.

1898ರಲ್ಲಿ ಅಮೆರಿಕದ ಮನೋವಿಜ್ಞಾನಿ ಥಾರ್ನ್‌ಡೈಕ್ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ನೋಡಿದ್ದನ್ನು ತರಬೇತಿಯಲ್ಲಿ ಬಾಯಿಪಾಠ ಮಾಡಿದ್ದೆ. ಯಾವ ಕೆಲಸದಿಂದ ಬಾಗಿಲು ತೆರೆಯಿತೋ ಆ ಕೆಲಸವನ್ನು ಬೆಕ್ಕು ಮುಂದಿನ ಸಲಗಳಲ್ಲಿ ಬೇಗ ಬೇಗ ಮಾಡತೊಡಗಿತ್ತು. ನನ್ನ ತರಗತಿಯಲ್ಲಿ ಬಾಗಿಲು ತೆರೆಯುತ್ತಿದ್ದುದು ಸ್ಕೇಲಿನ ಸದ್ದಿಗೆ. ಬೇಡದ್ದು ತಪ್ಪಿದ್ದರಿಂದ ವರ್ತನೆ ಗಟ್ಟಿಯಾಗುವುದಕ್ಕೆ ಋಣಾತ್ಮಕ ಪುನರ್ಬಲನ ಎಂಬ ಹೆಸರಿದೆ. ಪರೀಕ್ಷೆಯಲ್ಲಿ ಅದನ್ನೇ ಶಿಕ್ಷೆ ಎಂದು ಬರೆಯುವವರು ಬಹಳ ಮಂದಿ. ನಿಜಕ್ಕೂ ಅದು ಶಿಕ್ಷೆಗೆ ತದ್ವಿರುದ್ಧ: ಶಿಕ್ಷೆ ವರ್ತನೆಯನ್ನು ಇಳಿಸಬೇಕು, ಇದು ಏರಿಸುತ್ತದೆ. ನಾನೂ ಅದೇ ಬಲೆಯಲ್ಲಿದ್ದೆ. ಅವನನ್ನು ಕಳಿಸಿದರೆ ನನಗೆ ನೆಮ್ಮದಿ, ಆ ನೆಮ್ಮದಿಗಾಗಿ ಮತ್ತೆ ಮತ್ತೆ ಕಳಿಸುತ್ತಿದ್ದೆ.

ಭಾಗಾಕಾರವನ್ನು ಬಿಡುವಂತಿರಲಿಲ್ಲ. ಹಾಳೆಯ ಮೊದಲ ಮೂರು ಲೆಕ್ಕ ಅವನಿಗೆ ಚೆನ್ನಾಗಿ ಬರುತ್ತಿದ್ದ ಗುಣಾಕಾರ, ಆಮೇಲೆ ಎರಡೇ ಎರಡು ಭಾಗಾಕಾರ. ಜೊತೆಗೆ ಒಂದು ಕೆಂಪು ರಟ್ಟು ಕೊಟ್ಟೆ. ‘ತಿಳೀದೇ ಇದ್ರೆ ಇದನ್ನ ಎತ್ತಿ ಹಿಡಿ, ನಾನೇ ನಿನ್ನ ಹತ್ರ ಬರ್ತೀನಿ’ ಅಂದೆ. ಗಲಾಟೆ ಮಾಡಿದರೆ ಹೊರಗೆ ಕಳಿಸುವುದನ್ನು ಪೂರ್ತಿ ನಿಲ್ಲಿಸಿದೆ.

ಮೊದಲ ವಾರ ಭಯಂಕರವಾಗಿತ್ತು. ಮೂರನೇ ದಿನ ಕಂಪಾಸ್ ಬಾಕ್ಸನ್ನು ನೆಲಕ್ಕೆ ಅಪ್ಪಳಿಸಿದ. ‘ನಡಿ ಹೊರಗೆ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಸಿಗುತ್ತಿದ್ದ ಫಲ ನಿಂತಾಗ ಹಳೇ ವರ್ತನೆ ಕೊಂಚ ಕಾಲ ಜೋರಾಗುವುದುಂಟು. ಅಲ್ಲಿ ಸೋತಿದ್ದರೆ ಸ್ಕೇಲು ಸಾಲದು, ಬಾಕ್ಸು ಬೇಕು ಎಂದು ನಾನೇ ಕಲಿಸಿದಂತಾಗುತ್ತಿತ್ತು. ಒಮ್ಮೆ ಬಿಟ್ಟು ಒಮ್ಮೆ ಸಿಗುವ ಫಲದಿಂದ ಬೆಳೆದ ಅಭ್ಯಾಸವನ್ನು ಬಿಡಿಸುವುದಂತೂ ಇನ್ನೂ ಕಷ್ಟ. ಮನೋವಿಜ್ಞಾನಿ ಸ್ಕಿನ್ನರ್ ಪಾರಿವಾಳಗಳಲ್ಲಿ ಅದನ್ನು ಕಂಡಿದ್ದರು. ಬಾಕ್ಸನ್ನು ಎತ್ತಿ ಅವನ ಮುಂದಿಟ್ಟು ಪಾಠ ಮುಂದುವರಿಸಿದೆ. ಕೈ ನಡುಗುತ್ತಿತ್ತು.

ಎರಡನೇ ವಾರ ಕೆಂಪು ರಟ್ಟು ಮೇಲೆದ್ದಿತು. ಓಡಿಯೇ ಹೋದೆ. ತಡ ಮಾಡಿದರೆ ಫಲ ಬೇರಾವುದಕ್ಕೋ ಅಂಟಿಕೊಳ್ಳುತ್ತದೆ ಎಂಬುದು ಅಷ್ಟರಲ್ಲಿ ಮನವರಿಕೆಯಾಗಿತ್ತು. ಹೊಗಳಿಕೆಯನ್ನೂ ಬದಲಿಸಿಕೊಂಡೆ. ಬರೀ ‘ಶಭಾಷ್’ ಅನ್ನದೆ ‘ಶೇಷ ಭಾಜಕಕ್ಕಿಂತ ದೊಡ್ಡದಾಯ್ತು ಅಂತ ನೀನೇ ಕಂಡುಹಿಡಿದೆ’ ಎನ್ನತೊಡಗಿದೆ.

ಆ ಹುರುಪಿನಲ್ಲೇ ಒಂದು ತಪ್ಪು ಮಾಡಿದೆ. ಓದಿದ ಪ್ರತಿ ಪುಸ್ತಕಕ್ಕೂ ಒಂದು ನಕ್ಷತ್ರ ಎಂದು ಗೋಡೆಗೆ ಪಟ್ಟಿ ಅಂಟಿಸಿದೆ. ಓದು ಬೇಡವೆನ್ನುತ್ತಿದ್ದ ಕೆಲವರು ಪುಸ್ತಕ ಮುಟ್ಟಿದರು, ಅದು ನಿಜ. ಆದರೆ ಊಟದ ಬಿಡುವಿನಲ್ಲೂ ದಪ್ಪ ಕಥೆಪುಸ್ತಕದಲ್ಲಿ ಮುಳುಗಿರುತ್ತಿದ್ದ ಹುಡುಗಿಯೊಬ್ಬಳು ಅದನ್ನು ಅರ್ಧಕ್ಕೇ ಬಿಟ್ಟು ಎಂಟೆಂಟು ಪುಟದ ಚಿತ್ರಪುಸ್ತಕ ಆರಿಸತೊಡಗಿದಳು. ‘ಇದು ಬೇಗ ಮುಗಿಯುತ್ತೆ ಮಿಸ್’ ಅಂದಳು. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಪುಟ್ಟ ಮಕ್ಕಳಲ್ಲಿ ಇಂಥದ್ದನ್ನೇ ಕಂಡಿದ್ದರು: ಬಣ್ಣದ ಪೆನ್ನಿನಲ್ಲಿ ಚಿತ್ರ ಬರೆಯುವುದೆಂದರೆ ಇಷ್ಟವಿದ್ದ ಮಕ್ಕಳಿಗೆ, ಬರೆದರೆ ಬಹುಮಾನ ಎಂದು ಮೊದಲೇ ಹೇಳಿದಾಗ, ಆಮೇಲೆ ತಾವಾಗಿ ಬರೆಯುವುದು ಕಡಿಮೆಯಾಯಿತು. ಹೇಳದೆ ಕೊಟ್ಟಾಗ ಹಾಗಾಗಲಿಲ್ಲ. ಆಸಕ್ತಿ ಇನ್ನೂ ಹುಟ್ಟಿರದ ಕಡೆ ಬಹುಮಾನ ಇಟ್ಟರೆ ನನ್ನ ತಕರಾರಿಲ್ಲ. ತಾನಾಗಿ ಉರಿಯುತ್ತಿರುವ ದೀಪಕ್ಕೆ ಊದಬಾರದು.

ಪಟ್ಟಿಯನ್ನು ಮರುದಿನವೇ ಕಿತ್ತೆ. ಆ ದಪ್ಪ ಪುಸ್ತಕ ಅವಳ ಬ್ಯಾಗಿನಲ್ಲಿ ಮತ್ತೆ ಕಂಡದ್ದು ಎರಡು ತಿಂಗಳ ಮೇಲೆ.