ಹುರುಳಿಕಾಳು ಬೇಯಿಸಿ ಕಟ್ಟು ತೆಗೆಯುವುದು: ನನ್ನ ಅನುಭವ

ಹುರುಳಿ ಬೇಯಿಸುವಾಗ ನನ್ನ ಗಮನವೆಲ್ಲ ಕಟ್ಟಿನ ಮೇಲೆ. ಕಾಳು ಆಮೇಲೆ. ಕಾಳು ಬೆಂದ ಆ ಕಂದು ನೀರು ಘಮ್ಮಂತ ಇಳಿದು ಬಂದರೆ ಸಾರಿನ ಅರ್ಧ ಕೆಲಸ ಮುಗಿದ ಹಾಗೆ. ಕುಕ್ಕರ್‌ನಲ್ಲಿ ಕೂಗಿಸಿದರೂ ಕಾಳು ಬೇಯುತ್ತದೆ, ಬೇಗನೇ ಬೇಯುತ್ತದೆ. ಆದರೆ ಅದಕ್ಕೆ ನೀರು ಜಾಸ್ತಿ ಹಾಕುವ ಹಾಗಿಲ್ಲ, ನಡುವೆ ಮುಚ್ಚಳ ತೆಗೆದು ಕಾಳು ಹಿಸುಕಿ ನೋಡುವ ಹಾಗೂ ಇಲ್ಲ. ಒಂದು ಸೀಟಿ ಹೆಚ್ಚಾದರೆ ಕಾಳು ಒಡೆದು ಕಟ್ಟು ರಾಡಿಯಾಗುತ್ತದೆ. ಹಾಗಾಗಿ ಕಟ್ಟಿನ ಸಾರು ಮಾಡುವ ದಿನ ನಾನು ದೊಡ್ಡ ಪಾತ್ರೆಯನ್ನೇ ಒಲೆ ಮೇಲಿಡುತ್ತೇನೆ.

ಬೇಯುವುದು ಬಿಡುವುದು ಶುರುವಾಗುವುದೇ ಅಂಗಡಿಯಲ್ಲಿ. ನಮ್ಮ ಕಡೆ ಹಿಂಗಾರಿನಲ್ಲಿ ಬಿತ್ತಿದ ಹುರುಳಿ ಸಂಕ್ರಾಂತಿ ಆಸುಪಾಸಿಗೆ ಒಕ್ಕಣೆಗೆ ಬರುತ್ತದೆ. ಆಮೇಲೆ ಬರುವ ಹೊಸ ಕಾಳು ಚೆನ್ನಾಗಿ ಬೇಯುತ್ತದೆ. ಸೆಕೆ, ತೇವ ಇರುವ ಕಡೆ ವರ್ಷಗಟ್ಟಲೆ ಕೂತ ಕಾಳು ಎಷ್ಟು ಕುದಿಸಿದರೂ ಒಳಗೆ ಗಟ್ಟಿ. ಅಂಗೈ ಮೇಲೆ ಒಂದಿಷ್ಟು ಹರಡಿಕೊಂಡು ನೋಡಿ. ಹೊಸ ಕಾಳಿಗೆ ಹೊಳಪಿರುತ್ತದೆ. ಸಿಪ್ಪೆ ಮೇಲೆ ಬಿಳೀ ಚುಕ್ಕೆ ಅಂಟಿಕೊಂಡಿದ್ದರೆ ಅದು ಹುಳದ ಮೊಟ್ಟೆ, ಸಣ್ಣ ದುಂಡನೆ ತೂತಿದ್ದರೆ ಹುಳ ಆಗಲೇ ತಿಂದು ಹೊರಗೆ ಹೋಗಿದೆ. ಅಂಥದ್ದನ್ನು ನಾನು ಕೊಳ್ಳುವುದಿಲ್ಲ.

ಕಲ್ಲಿನ ವಿಷಯದಲ್ಲಿ ಮಾತ್ರ ಅವಸರ ಬೇಡ. ಹಳೇ ಮೈಸೂರು ಕಡೆ ಹುರುಳಿಯನ್ನು ರಸ್ತೆ ಮೇಲೆ ಹರಡಿ, ಬಸ್ಸು ಲಾರಿ ಓಡಾಡಿ ಒಕ್ಕಣೆಯಾಗುವುದನ್ನು ನೀವೂ ನೋಡಿರಬಹುದು. ಆ ಕಾಳಿನ ಜೊತೆ ಬರುವ ಕಲ್ಲು ಬಣ್ಣದಲ್ಲೂ ಗಾತ್ರದಲ್ಲೂ ಹುರುಳಿಯಂತೆಯೇ ಇರುತ್ತದೆ, ಕಣ್ಣಿಗೆ ಸಿಗುವುದಿಲ್ಲ. ಮೊರದಲ್ಲಿ ಕೇರಿದ ಮೇಲೂ ನಾನು ಜಾಲಿಸುತ್ತೇನೆ. ಅಗಲ ಪಾತ್ರೆಯಲ್ಲಿ ನೀರು ಹಾಕಿ, ಕೈಯಿಂದ ತಿರುಗಿಸುತ್ತಾ, ಮೇಲೆದ್ದ ಕಾಳನ್ನು ನೀರಿನ ಸಮೇತ ಇನ್ನೊಂದು ಪಾತ್ರೆಗೆ ಬಗ್ಗಿಸಬೇಕು. ಕಲ್ಲು ತಳದಲ್ಲೇ ಉಳಿಯುತ್ತದೆ. ಕೊನೇ ಹಿಡಿಯಷ್ಟು ಕಾಳನ್ನು ಬೆರಳಲ್ಲಿ ಸವರಿ ನೋಡಿ ಹಾಕುತ್ತೇನೆ.

ನೆನೆಸುವುದು ರಾತ್ರಿಯಿಡೀ. ಒಂದು ಪಾವು ಕಾಳಿಗೆ ಸುಮಾರು 2 ಲೀಟರ್ ನೀರು, ಅರ್ಧ ಚಮಚ ಉಪ್ಪು. ಉಪ್ಪು ಹಾಕಿದರೆ ಕಾಳು ಬೇಯಲ್ಲ ಅಂತಾರೆ, ಅಲ್ವಾ? ನನ್ನ ಅಡುಗೆಯಲ್ಲಿ ಹಾಗಾಗಿಲ್ಲ, ಸಿಪ್ಪೆ ಇನ್ನೂ ಮೆತ್ತಗಾಗುತ್ತದೆ. ನಿಜವಾಗಿ ಅಡ್ಡ ಬರುವುದು ಬೋರ್‌ವೆಲ್ ನೀರು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಾಳಿನ ಸಿಪ್ಪೆಯನ್ನು ಬಿಗಿ ಮಾಡುತ್ತವೆ. ಮಳೆ ನೀರು, ನದಿ ನೀರು ಅಥವಾ ಫಿಲ್ಟರ್ ನೀರು ಹಾಕಿ ನೋಡಿ, ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ. ಇದಕ್ಕೆ ಸೋಡಾ ಸುಲಭ ಉಪಾಯ ಅಂತ ಕೆಲವರು ಚಿಟಿಕೆ ಹಾಕುತ್ತಾರೆ. ನಾನು ಹಾಕಲ್ಲ. ಜಾಸ್ತಿಯಾದರೆ ಕಟ್ಟಿಗೆ ಸೋಪಿನ ರುಚಿ ಬರುತ್ತದೆ, ಬಿ1 ಜೀವಸತ್ವವೂ ಹಾಳಾಗುತ್ತದೆ.

ಹುರುಳಿ ನೆನೆದ ನೀರನ್ನು ಚೆಲ್ಲುವುದಿಲ್ಲ, ಬಣ್ಣವೆಲ್ಲ ಅದರಲ್ಲೇ ಇರುತ್ತದೆ. ಹೊಟ್ಟೆ ಉಬ್ಬರ ಆಗುವವರು ಬೇಕಾದರೆ ನೀರು ಬದಲಿಸಿಕೊಳ್ಳಲಿ. ರಾಜ್ಮಾ ಮಾತ್ರ ಬೇರೆ. ಅದರ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಲೇಬೇಕು. ಅರೆಬೆಂದ ರಾಜ್ಮಾ ವಾಂತಿ, ಭೇದಿ ತರುತ್ತದೆ.

ಬೆಳಿಗ್ಗೆ ಅದೇ ನೀರಿನಲ್ಲಿ ಒಲೆಗೇರಿಸುತ್ತೇನೆ. ಮೊದಲ ಕುದಿಗೆ ನೊರೆ ಉಕ್ಕುತ್ತದೆ, ಅದನ್ನು ಸೌಟಿನಲ್ಲಿ ತೆಗೆದು ಉರಿ ಸಣ್ಣ ಮಾಡುತ್ತೇನೆ. ಒಂದು ಗಂಟೆಗೂ ಮೇಲೆ ಬೇಕಾಗುತ್ತದೆ, ಹಳೇ ಕಾಳಾದರೆ ಇನ್ನೂ ಜಾಸ್ತಿ. ನೀರು ಇಂಗಿದರೆ ಬಿಸಿ ನೀರನ್ನೇ ಸೇರಿಸಿ. ಹುಣಸೆಹಣ್ಣು, ಟೊಮೆಟೊ ಈಗಲೇ ಬೇಡ, ಹುಳಿ ಬಿದ್ದ ಕಾಳು ಅಷ್ಟಕ್ಕೇ ನಿಂತುಬಿಡುತ್ತದೆ. ಎರಡು ಬೆರಳಿನ ನಡುವೆ ಕಾಳು ಹಿಸುಕಿದಾಗ ಹಿಟ್ಟಿನಂತಾಗಬೇಕು, ನಡುವೆ ಬಿಳೀ ಗಟ್ಟಿ ಚೂರು ಉಳಿಯಬಾರದು. "ಒಂದು ಕಾಳು ನೋಡಿ ಇಳಿಸಬೇಡ ಕಣಮ್ಮ, ನಾಕು ಕಡೆಯಿಂದ ತೆಗೆದು ನೋಡು" ಅನ್ನುತ್ತಿದ್ದರು ನಮ್ಮತ್ತೆ. ನಾನು ಈಗಲೂ ಹಾಗೇ ನೋಡುತ್ತೇನೆ. ಹುರುಳಿಯಲ್ಲಿ ನೀರೇ ಕುಡಿಯದ ಕಾಳು ಒಂದೆರಡು ಇದ್ದೇ ಇರುತ್ತವೆ.

ಆಮೇಲೆ ಬಸಿಯುವುದು. ಬೆಂದ ಕಾಳಲ್ಲಿ ಒಂದು ಹಿಡಿ ಮಸಾಲೆಗೆ ಎತ್ತಿಡುತ್ತೇನೆ. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಹುರಿದ ಒಣಮೆಣಸಿನಕಾಯಿ, ಧನಿಯ, ಜೀರಿಗೆ, ಮೆಣಸು, ಸ್ವಲ್ಪ ಕಾಯಿ, ಹುಣಸೆಹಣ್ಣು ಮತ್ತು ಆ ಹಿಡಿ ಕಾಳು ಸೇರಿಸಿ ನುಣ್ಣಗೆ ರುಬ್ಬಿ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಕಾಯಿ ಕೈತಡೆದು ಹಾಕಿ, ಜಾಸ್ತಿಯಾದರೆ ಹುರುಳಿಯ ವಾಸನೆ ಸಾಯುತ್ತದೆ. ಸಾಸಿವೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿ ಒಗ್ಗರಣೆ. ಉಳಿದ ಕಾಳಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಕಾಯಿತುರಿ ಹಾಕಿ ಪಲ್ಯ. ಮುದ್ದೆಗೆ ಇನ್ನೇನೂ ಬೇಕಿಲ್ಲ.

ಕಟ್ಟು ಜಾಸ್ತಿ ಬಂದ ದಿನ ಎಲ್ಲಕ್ಕೂ ಮಸಾಲೆ ಹಾಕದೆ, ಒಂದು ಪಾಲು ಆರಿಸಿ ಫ್ರಿಜ್‌ನಲ್ಲಿಡುತ್ತೇನೆ. ಮಾರನೇ ದಿನ ಅದು ಇನ್ನಷ್ಟು ಮಂದವಾಗಿರುತ್ತದೆ. ಉಪ್ಪು, ಮೆಣಸಿನಪುಡಿ, ಬೆಳ್ಳುಳ್ಳಿ ಹಾಕಿ ಕುದಿಸಿ ಲೋಟಕ್ಕೆ ಬಗ್ಗಿಸಿಕೊಟ್ಟರೆ ಮಕ್ಕಳೂ ಕುಡಿಯುತ್ತಾರೆ.